ಖಾಲಿ ಮನೆಗೆ ಸೊನ್ನೆ ಹಾಕಬೇಡಿ

ಡೈನೋಸಾರ್ ಕಾಲದ ಹಕ್ಕಿಗಳಲ್ಲಿ ಯಾವುದು ಯಾವ ಕುಟುಂಬಕ್ಕೆ ಸೇರುತ್ತದೆ ಎಂದು ನೋಡುವುದು ನನ್ನ ಕೆಲಸ. ಬಂಡೆ ಅಗೆಯುವ ಕೆಲಸ ಅಂದುಕೊಳ್ಳುತ್ತಾರೆ ಜನ. ದಿನದ ಹೆಚ್ಚಿನ ಹೊತ್ತು ಹೋಗುವುದು ಮಾತ್ರ ಒಂದು ದೊಡ್ಡ ಟೇಬಲ್ ತುಂಬುವುದರಲ್ಲಿ. ಒಂದೊಂದು ಸಾಲಿಗೆ ಒಂದೊಂದು ಹಕ್ಕಿ, ಒಂದೊಂದು ಕಾಲಮ್‌ಗೆ ಒಂದೊಂದು ಲಕ್ಷಣ. ಲಕ್ಷಣ ಇದ್ದರೆ 1, ಇಲ್ಲದಿದ್ದರೆ 0. ಮೂಳೆಯೇ ಸಿಕ್ಕಿಲ್ಲ ಅಂದರೆ ಪ್ರಶ್ನೆ ಚಿಹ್ನೆ.

ಹೊಸದಾಗಿ ಸೇರಿದವರಿಗೆ ಈ ಪ್ರಶ್ನೆ ಚಿಹ್ನೆ ಹಾಕುವುದಕ್ಕೇ ಸಂಕೋಚ. ಸಾಲಿನ ತುಂಬ ಅದೇ ಇದ್ದರೆ ಕೆಲಸ ಮಾಡಿಲ್ಲ ಅನ್ನಿಸುತ್ತದೆ, ಅಲ್ವಾ? ಹಾಗಂತ ಸುಮ್ನೆ 0 ಹಾಕಿದರೆ, ಮೂಳೆ ನೋಡಿದ್ದೇನೆ, ಲಕ್ಷಣ ಅದರಲ್ಲಿಲ್ಲ ಎಂದು ಹೇಳಿದಂತಾಯಿತು. 0 ಸಾಮಾನ್ಯವಾಗಿ ಹಳೆಯ ಸ್ಥಿತಿ, ಅಂದರೆ ಪೂರ್ವಜರಲ್ಲಿ ಇದ್ದದ್ದು. ಇಂಥ ಸೊನ್ನೆ ಜಾಸ್ತಿಯಾದರೆ, ಈ ಟೇಬಲ್‌ನಿಂದ ವಂಶವೃಕ್ಷ ಕಟ್ಟುವ ಕಂಪ್ಯೂಟರ್ ಆ ಹಕ್ಕಿಯನ್ನು ವಂಶವೃಕ್ಷದ ಬುಡಕ್ಕೆ ಎಳೆಯುತ್ತದೆ.

ಅವಿಸಾರಿಡೇ ಕುಟುಂಬವನ್ನೇ ನೋಡಿ. 1985ರಲ್ಲಿ ಬ್ರೆಟ್-ಸರ್ಮನ್ ಮತ್ತು ಪಾಲ್ ಇದಕ್ಕೆ ಹೆಸರಿಟ್ಟಾಗ ಆಧಾರ ಪಾದದ ಮೂಳೆಗಳಷ್ಟೇ. ಅವಿಸಾರಸ್‌ನದು ಅಮೆರಿಕದ ಮೊಂಟಾನಾದ ಹೆಲ್ ಕ್ರೀಕ್ ಬಂಡೆಗಳದ್ದು, ಅದರ ನೆಂಟನದು ಅರ್ಜೆಂಟೀನಾದ ಎಲ್ ಬ್ರೆಟೆಯದ್ದು. ಹಕ್ಕಿಯನ್ನು ಹೋಲುವ ಡೈನೋಸಾರ್‌ಗಳು ಎಂದು ಅವರು ತೀರ್ಮಾನಿಸಿದರು. ಯಾಕೆ ಅಂತ ಮೂಳೆ ನೋಡಿದರೆ ಗೊತ್ತಾಗುತ್ತದೆ. ಈಗಿನ ಕೋಳಿಯ ಪಾದದ ಮೂರು ಉದ್ದ ಮೂಳೆಗಳು ಮೇಲಿಂದ ಕೆಳಗಿನವರೆಗೂ ಬೆಸೆದುಕೊಂಡು ಒಂದೇ ಆಗಿರುತ್ತವೆ. ಅವಿಸಾರಸ್‌ನಲ್ಲಿ ಮೇಲ್ತುದಿ ಮಾತ್ರ ಬೆಸೆದಿದೆ, ಕೆಳಗೆ ಮೂರೂ ಬಿಡಿಬಿಡಿ. 1992ರಲ್ಲಿ ಲೂಯಿಸ್ ಕಿಯಾಪೆ ಇವನ್ನು ಎನಾಂಟಿಯೋರ್ನಿಥಿಸ್ ಎಂಬ ಡೈನೋಸಾರ್ ಕಾಲದ ಹಕ್ಕಿಗಳ ಗುಂಪಿನ ಪಾದಗಳ ಜೊತೆ ಹೋಲಿಸಿ, ಇವು ಹಕ್ಕಿಗಳೇ ಎಂದು ತೋರಿಸಿದರು. ಆ ಗುಂಪನ್ನು 1981ರಲ್ಲಿ ಸಿರಿಲ್ ವಾಕರ್ ಗುರುತಿಸಿದ್ದೂ ಎಲ್ ಬ್ರೆಟೆಯ ಮೂಳೆಗಳಿಂದಲೇ. ಈಗಿನ ಹಕ್ಕಿಗಳ ಭುಜದ ಕೀಲಿನಲ್ಲಿ ಉಬ್ಬು ಇರುವ ಕಡೆ ಅವುಗಳಲ್ಲಿ ಗುಳಿ, ಗುಳಿ ಇರುವ ಕಡೆ ಉಬ್ಬು.

2018ರಲ್ಲಿ ಇದೇ ಕುಟುಂಬದ ಮಿರಾರ್ಸೆಯ ವಿವರ ಬಂತು. ಅಮೆರಿಕದ ಯೂಟಾದ್ದು, ಕಾಲಿನ ಜೊತೆಗೆ ರೆಕ್ಕೆಯ ಮೂಳೆಯೂ ಎದೆಯ ಮುಂದಿನ ಕವಲುಮೂಳೆಯೂ ಉಳಿದಿವೆ. ನಿಜವಾದ ಪರೀಕ್ಷೆ ಶುರುವಾಗುವುದು ಇಲ್ಲಿ. ಮಿರಾರ್ಸೆಯ ಸಾಲಿನ ಅಂಕಿಗಳನ್ನು ಅವಿಸಾರಸ್‌ನ ಖಾಲಿ ಮನೆಗಳಿಗೂ ಹಾಕಿಬಿಡೋಣ, ಹೇಗೂ ನೆಂಟರು ತಾನೇ ಅನ್ನಿಸುತ್ತದೆ. ನೆಂಟರು ಹೌದೋ ಅಲ್ಲವೋ ಎಂದು ಕಂಡುಹಿಡಿಯುವುದಕ್ಕೇ ಅಲ್ಲವೇ ಆ ಟೇಬಲ್? ಉತ್ತರ ಮೊದಲೇ ಬರೆದುಕೊಟ್ಟರೆ ಕಂಪ್ಯೂಟರ್ ಅದನ್ನೇ ವಾಪಸ್ ಕೊಡುತ್ತದೆ. ಯಾರೂ ಪತ್ತೆ ಹಚ್ಚುವುದಿಲ್ಲ, ಮುಂದಿನವರು ಅದನ್ನೇ ನಕಲು ಮಾಡಿಕೊಳ್ಳುತ್ತಾರೆ.

ಅದಕ್ಕೇ ನಾನು ಪ್ರತಿ ಅಂಕಿಯ ಪಕ್ಕ ಅದು ಎಲ್ಲಿಂದ ಬಂತು ಎಂದು ಬರೆದಿಡುತ್ತೇನೆ: ಮೂಳೆಯಿಂದಲೋ, ಅದರ ಎರಕದ ಪ್ರತಿಯಿಂದಲೋ, ಯಾರದೋ ಲೇಖನದ ಚಿತ್ರದಿಂದಲೋ. ಚಿತ್ರದಲ್ಲಿ ನೆರಳೂ ಉಬ್ಬಿನಂತೆ ಕಾಣುತ್ತದೆ. ಈ ಕುಟುಂಬದಲ್ಲಿ ಅದು ಸಣ್ಣ ವಿಷಯವಲ್ಲ. ಪಾದವನ್ನು ಮೇಲೆತ್ತುವ ಸ್ನಾಯು ಅಂಟುವ ಪುಟ್ಟ ಉಬ್ಬು ಎಲ್ಲಿದೆ ಎಂಬುದರ ಮೇಲೇ ಎಷ್ಟೋ ವಾದ ನಿಂತಿದೆ.

2024ರಲ್ಲಿ ಹೆಲ್ ಕ್ರೀಕ್‌ನಿಂದ ಅವಿಸಾರಸ್ ಡಾರ್ವಿನಿ ಎಂಬ ಇನ್ನೊಂದು ಜಾತಿ ಸೇರಿತು. ಅದೂ ಪಾದದ ಮೂಳೆಯೇ. ಭುಜದ ಕಾಲಮ್‌ಗಳಲ್ಲಿ ಮತ್ತೆ ಪ್ರಶ್ನೆ ಚಿಹ್ನೆ.