ಗುಡ್ ಪಕ್ಕದಲ್ಲಿ ಯಾವುದು?

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಮೊನ್ನೆ ಭಾನುವಾರ ಇಂಟರ್‌ವ್ಯೂ ತಯಾರಿ ತರಗತಿ. ಬಂದವರಲ್ಲಿ ಜಗಳೂರು, ಚನ್ನಗಿರಿ ಕಡೆಯ ಕನ್ನಡ ಮಾಧ್ಯಮದವರೇ ಹೆಚ್ಚು. 'ನಿಮ್ಮ ಬಗ್ಗೆ ಹೇಳ್ರಿ' ಅಂದಿದ್ದೇ ತಡ, ಮುಂದಿನ ಬೆಂಚಿನಿಂದ ಬಂತು: 'ಐ ಆಮ್ ಗುಡ್ ಇನ್ ಅಕೌಂಟ್ಸ್.'

'ಅಕೌಂಟ್ಸ್‌ನಲ್ಲಿ ಹುಷಾರು' ಅಂತ ಯೋಚಿಸಿದಾಗ ಆ 'ಅಲ್ಲಿ' ಪ್ರತ್ಯಯವೇ 'ಇನ್' ಆಗಿಬಿಡುತ್ತದೆ. ಸಾಮರ್ಥ್ಯ ಹೇಳುವಾಗ 'ಗುಡ್ ಎಟ್' ರೂಢಿ. 'ಆರೋಗ್ಯಕ್ಕೆ ಒಳ್ಳೇದು' ಅನ್ನುವುದೂ ಇದೇ ದಾರಿಯಲ್ಲಿ 'ಗುಡ್ ಟು ಹೆಲ್ತ್' ಆಗುತ್ತದೆ; ಬೇಕಾದದ್ದು 'ಗುಡ್ ಫಾರ್'. 'ಗುಡ್ ಟು' ಇಲ್ಲವೆಂದಲ್ಲ. 'ಶಿ ವಾಸ್ ಗುಡ್ ಟು ಮಿ' ಅಂದರೆ ನನ್ನನ್ನು ಚೆನ್ನಾಗಿ ನೋಡಿಕೊಂಡಳು ಅಂತ. ಮಕ್ಕಳನ್ನು, ಗಿರಾಕಿಗಳನ್ನು ಸಂಭಾಳಿಸುವ ಜಾಣ್ಮೆಗೆ 'ಗುಡ್ ವಿತ್'. ಸೇಲ್ಸ್ ಕೆಲಸಕ್ಕೆ ಹೋಗುವವರು ಇದನ್ನು ಬಾಯಿಪಾಠ ಮಾಡಿದರೂ ನಷ್ಟವಿಲ್ಲ.

ಬೆಳಗಿನ ಬಹುಪಾಲು ತಿಂದದ್ದು ಮಾತ್ರ 'ಎ'. 'ಒಂದು ಒಳ್ಳೆ ಸುದ್ದಿ' ನಮ್ಮ ಬಾಯಲ್ಲಿ ಸಲೀಸು, ಹಾಗಾಗಿ 'ಎ ಗುಡ್ ನ್ಯೂಸ್' ಹೊರಡುತ್ತದೆ. ನ್ಯೂಸ್, ಅಡ್ವೈಸ್, ಪ್ರೋಗ್ರೆಸ್, ವೆದರ್ ಎಣಿಸಲಾಗದವು. 'ಗುಡ್' ಹಿಂದೆ 'ಎ' ಹಾಕುವಂತಿಲ್ಲ. ಹಾಕಲೇಬೇಕೆಂದರೆ 'ಎ ಪೀಸ್ ಆಫ್ ಗುಡ್ ನ್ಯೂಸ್'. ಇಷ್ಟನ್ನು ನಿಯಮ ಮಾಡಿಕೊಂಡು ಕೂತರೆ 'ನಾಲೆಡ್ಜ್' ಕೈಕೊಡುತ್ತದೆ. ಅದೂ ಎಣಿಸಲಾಗದ್ದೇ, ಆದರೂ ಹೇಳುವುದು 'ಐ ಹ್ಯಾವ್ ಎ ಗುಡ್ ನಾಲೆಡ್ಜ್ ಆಫ್ ಟ್ಯಾಲಿ'. ಬಯೋಡೇಟಾದಲ್ಲಿ ಇಲ್ಲೇ ಮೂರು ತಪ್ಪು ಒಟ್ಟಿಗೆ ಬೀಳುವುದು: 'ಹ್ಯಾವಿಂಗ್' ಹಾಕುವುದು, 'ಎ' ಬಿಡುವುದು, 'ಆಫ್' ಜಾಗದಲ್ಲಿ 'ಇನ್'.

'ಟೈಮ್' ಇನ್ನೂ ಮೋಜು. 'ಹ್ಯಾವ್ ಎ ಗುಡ್ ಟೈಮ್' ಅಂದರೆ ಖುಷಿಯಾಗಿರು. 'ಇನ್ ಗುಡ್ ಟೈಮ್' ಅಂದರೆ ಹೊತ್ತಿಗೆ ಮುಂಚೆಯೇ. 'ಎ ಗುಡ್ ಅವರ್' ಅಂದರೆ ಕಮ್ಮಿ ಅಂದರೂ ಒಂದು ತಾಸು, ಅದರಲ್ಲಿ ಒಳ್ಳೆಯದೇನೂ ಇರಬೇಕಿಲ್ಲ. 'ಫಾರ್ ಗುಡ್' ಅಂದರೆ ಕಾಯಂ ಆಗಿ. 'ಐ ಲೆಫ್ಟ್ ದಟ್ ಜಾಬ್ ಫಾರ್ ಗುಡ್' ಅಂದರೆ ಒಳ್ಳೇದಕ್ಕೇ ಬಿಟ್ಟೆ ಅಂತಲ್ಲ, ಮತ್ತೆ ಆ ಕಡೆ ತಲೆ ಹಾಕುವುದಿಲ್ಲ ಅಂತ.

ಪರೀಕ್ಷೆ ಚೆನ್ನಾಗಿ ಬರೆದರೆ 'ಡಿಡ್ ವೆಲ್', 'ಡಿಡ್ ಗುಡ್' ಅಲ್ಲ. 'ವೆರಿ ಎಕ್ಸಲೆಂಟ್' ಬೇಡ, 'ವೆರಿ' ಇಲ್ಲದೆಯೇ ಅದು ತುತ್ತತುದಿ. ರಾತ್ರಿ ಎಂಟಕ್ಕೆ ಫೋನ್ ಇಂಟರ್‌ವ್ಯೂ ಬಂದರೂ ಎತ್ತಿದ ಕೂಡಲೇ 'ಗುಡ್ ಈವನಿಂಗ್' ಅನ್ನಿ. 'ಗುಡ್ ನೈಟ್' ಬೀಳ್ಕೊಡುವಾಗಿನ ಮಾತು. 'ಗುಡ್ ನೇಮ್' ಹಿಂದಿಯ ಶುಭನಾಮದ ನೆರಳು, ಇಲ್ಲಿ ಯಾರೂ ತಪ್ಪೆಣಿಸುವುದಿಲ್ಲ, ವಿದೇಶದವರು ಮಾತ್ರ ಕಣ್ಣುಕಣ್ಣು ಬಿಡುತ್ತಾರೆ.

ಮಧ್ಯಾಹ್ನ ಎಲ್ಲರಿಗೂ ಒಂದೇ ಕೆಲಸ: ನೋಟ್‌ಬುಕ್ಕಿನಲ್ಲಿ 'ಗುಡ್' ಅಂತ ಒಂಟಿಯಾಗಿ ಬರೆಯುವಂತಿಲ್ಲ. ಹಿಂದಿನ 'ಎ', ಮುಂದಿನ 'ಎಟ್', 'ಆಫ್' ಸಮೇತ ಇಡೀ ತುಂಡನ್ನೇ ಬರೆದು, ಪಕ್ಕದಲ್ಲಿ ತಮ್ಮದೇ ಒಂದು ವಾಕ್ಯ, ಆಮೇಲೆ ಅದನ್ನು ಜೋರಾಗಿ ಓದಬೇಕು.