ಸೂತ್ರ ಹಾಕುವ ಮೊದಲು ಮೂಳೆಯನ್ನು ಎಲ್ಲಿಂದ ಎಲ್ಲಿಗೆ ಅಳೆದಿದ್ದೀರಿ?

ಮೂಳೆ ನೋಡಿ ಸತ್ತವರ ಗುರುತು ಹಿಡಿಯುವ ವಿಧಿವಿಜ್ಞಾನ ಮಾನವಶಾಸ್ತ್ರಕ್ಕೆ ಬರುವವರ ಕಣ್ಣೆಲ್ಲ ತಲೆಬುರುಡೆಯ ಮೇಲೆ. ವರದಿ ಬರೆಯುವಾಗ ಕೈಕೊಡುವುದು ಹೆಚ್ಚಾಗಿ, ಎತ್ತರ ಅಂದಾಜಿಸಲು ಸೂತ್ರಕ್ಕೆ ಹಾಕುವ ಕೈಕಾಲಿನ ಉದ್ದ ಮೂಳೆಯ ಅಳತೆ.

ಮಿಲ್ಡ್ರೆಡ್ ಟ್ರಾಟರ್ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಅಂಗರಚನಾಶಾಸ್ತ್ರ ಕಲಿಸುತ್ತಿದ್ದವರು. 1948ರಲ್ಲಿ ಹವಾಯಿಗೆ ಹೋಗಿ, ಎರಡನೇ ಮಹಾಯುದ್ಧದಲ್ಲಿ ಸತ್ತ ಅಮೆರಿಕನ್ ಸೈನಿಕರ ಅಸ್ಥಿ ಗುರುತಿಸುವ ಕೆಲಸ ಮಾಡಿದರು. ಆ ಮಾಹಿತಿಯಿಂದ ಸಂಖ್ಯಾಶಾಸ್ತ್ರ ಬಲ್ಲ ಗೋಲ್ಡಿನ್ ಗ್ಲೆಸರ್ ಜೊತೆ 1952ರಲ್ಲಿ ಬಂದ ಎತ್ತರದ ಸೂತ್ರಗಳು ಇಂದಿಗೂ ಪಠ್ಯಗಳಲ್ಲಿವೆ. ಬಿಳಿಯ ಗಂಡಸರ ಟಿಬಿಯಾಕ್ಕೆ (ಮೊಣಕಾಲಿನ ಕೆಳಗಿನ ದೊಡ್ಡ ಮೂಳೆ): ಉದ್ದ × 2.52 + 78.62 ಸೆಂ.ಮೀ.

ಎಡವಟ್ಟು ಇಲ್ಲೇ. ಪಾದದ ಗಿಣ್ಣಿನ ಒಳಬದಿಯ ಉಬ್ಬನ್ನೂ (ಮೀಡಿಯಲ್ ಮ್ಯಾಲಿಯೋಲಸ್) ಸೇರಿಸಿ ಟಿಬಿಯಾ ಅಳೆದದ್ದೆಂದು ಟ್ರಾಟರ್ ಅವರ ವಿವರಣೆ ಹೇಳುತ್ತದೆ. ವಾಸ್ತವದಲ್ಲಿ ಅದನ್ನು ಬಿಟ್ಟು ಅಳೆದಿದ್ದರು ಎಂದು 1995ರಲ್ಲಿ ಮಾನವಶಾಸ್ತ್ರಜ್ಞ ಜಾಂಟ್ಜ್ ಮತ್ತು ಸಂಗಡಿಗರು ತೋರಿಸಿದರು. ವ್ಯತ್ಯಾಸ 10ರಿಂದ 12 ಮಿ.ಮೀ. 2.52ರಿಂದ ಗುಣಿಸಿ ನೋಡಿ: ವಿವರಣೆಯನ್ನು ನಂಬಿ ಸರಿಯಾಗಿ ಅಳೆದವನ ಅಂದಾಜು ಎರಡೂವರೆ ಮೂರು ಸೆಂ.ಮೀ. ಹೆಚ್ಚು ಬರುತ್ತದೆ. ನಾಲ್ಕು ದಶಕ ದಾಟುವವರೆಗೂ ಹೀಗೇ ನಡೆಯಿತು.

ಹಾಗಾಗಿ ಆಸ್ಟಿಯೋಮೆಟ್ರಿಕ್ ಬೋರ್ಡಿನ (ಮೂಳೆ ಅಳೆಯುವ ಹಲಗೆ) ಮುಂದೆ ಕೂತಾಗ ಮೊದಲು ಅದರ ಸೊನ್ನೆ ಸರಿಯಿದೆಯೇ ನೋಡಿ. ಫೀಮರ್‌ನ (ತೊಡೆಮೂಳೆ) ಮೊಣಕಾಲಿನ ತುದಿಯಲ್ಲಿರುವ ಎರಡು ಗಂಟುಗಳಲ್ಲಿ ಒಳಗಂಟನ್ನು ಬೋರ್ಡಿನ ಅಲುಗದ ಪಟ್ಟಿಗೆ ಒತ್ತಿ, ತಲೆಯ ಕಡೆ ಜಾರುಪಟ್ಟಿ ತಂದು, ಮೂಳೆಯನ್ನು ಮೆಲ್ಲಗೆ ಅತ್ತಿತ್ತ ಆಡಿಸಿ ಅತಿ ಹೆಚ್ಚಿನ ಉದ್ದ ಓದಿ. ಎರಡೂ ಗಂಟು ಪಟ್ಟಿಗೆ ತಾಗಿದರೆ ಅದು ಬೇರೆಯೇ ಅಳತೆ, ಕೆಲವು ಮಿ.ಮೀ. ಕಡಿಮೆ. ಎಲ್ಲ ಮೂಳೆ ಮುಗಿದ ಮೇಲೆ ಹಳೆಯ ಹಾಳೆ ಮುಚ್ಚಿಟ್ಟು ಇನ್ನೊಮ್ಮೆ ಅಳೆಯಿರಿ. ಮೃದ್ವಸ್ಥಿ ಇನ್ನೂ ಅಂಟಿದ್ದರೆ ಒಣಮೂಳೆಯ ಸೂತ್ರ ಹಾಗೇ ಹಾಕಬೇಡಿ.

ಅವರದೇ ಸೂತ್ರದಲ್ಲಿ, ಬಿಳಿಯ ಗಂಡಸಿನ ಫೀಮರ್ 45 ಸೆಂ.ಮೀ. ಇದ್ದರೆ ಎತ್ತರ 2.38 × 45 + 61.41, ಅಂದರೆ 168.5 ಸೆಂ.ಮೀ. ಜೊತೆಗಿರುವ ± 3.27 ಒಂದು ಪಟ್ಟು ದೋಷ ಮಾತ್ರ; ಶೇ 95ರ ಭರವಸೆಗೆ ಅದನ್ನು ಹೆಚ್ಚುಕಡಿಮೆ ದುಪ್ಪಟ್ಟು ಮಾಡಬೇಕು: 162ರಿಂದ 175. ಪೊಲೀಸರಿಗೆ ಇಷ್ಟಗಲದ ಉತ್ತರ ರುಚಿಸುವುದಿಲ್ಲ, ಇರಲಿ. ನಡುವಿನ ಸಂಖ್ಯೆ ಒಂದನ್ನೇ ಕೊಟ್ಟರೆ 173 ಸೆಂ.ಮೀ. ಇದ್ದ ಕಾಣೆಯಾದವನ ಕಡತ ಪಕ್ಕಕ್ಕೆ ಹೋಗಿಬಿಡುತ್ತದೆ.

ಮೈಸೂರು, ಧಾರವಾಡದಲ್ಲಿ ಮಾನವಶಾಸ್ತ್ರ ಓದುವವರಿಗೆ ಇನ್ನೊಂದು ತೊಡಕು: ಇದು ಅಮೆರಿಕನ್ನರ ಮೂಳೆಯಿಂದ ಬಂದ ಸೂತ್ರ, ನಮ್ಮವರ ಕೈಕಾಲಿನ ಅನುಪಾತ ಬೇರೆ. ಪಿಎಚ್‌ಡಿಗೆ ವಿಷಯ ಹುಡುಕುತ್ತಿದ್ದರೆ ಸ್ಥಳೀಯ ಜನರ ಅಳತೆಯೇ ಒಳ್ಳೆಯ ವಿಷಯ. ಯಾವ ಬದಿಯ ಮೂಳೆ, ಯಾವ ಉಪಕರಣ, ಯಾವ ಬಿಂದುವಿನಿಂದ ಯಾವ ಬಿಂದುವಿಗೆ, ಯಾರು ಅಳೆದರು ಎಂಬುದು ಮಾತ್ರ ಪ್ರತಿ ಸಂಖ್ಯೆಯ ಪಕ್ಕದಲ್ಲೇ ಇರಲಿ.