ಪ್ರಾಕ್ಟೀಸ್ ಮತ್ತು ರಿಹರ್ಸಲ್

ಉಡುಪಿಯಲ್ಲಿ ಪದವಿ ಓದುತ್ತಿದ್ದಾಗ ನಮಗೆ ಥಿಯೇಟರ್ ಎಂದರೆ ಸಿನಿಮಾ ಮಂದಿರ, ಡ್ರಾಮಾ ಎಂದರೆ ವಾರ್ಷಿಕೋತ್ಸವದ ನಾಟಕ. ಪ್ಲೇ ಎಂಬುದು ಪಠ್ಯಪುಸ್ತಕದೊಳಗೇ ಉಳಿದಿತ್ತು. ಈ ಪದಗಳನ್ನು ಬಿಡಿಸಿ ತೋರಿಸಿದವರು ನಮ್ಮ ಇಂಗ್ಲಿಷ್ ಅಧ್ಯಾಪಕರು. ನಿಘಂಟಿಗೆ ಕೈ ಹಾಕುವ ಮೊದಲು ಅವರು ಹಿಂದಿನ ರಾತ್ರಿಯ ಯಕ್ಷಗಾನ ಆಟದ ಸುದ್ದಿ ತೆಗೆಯುತ್ತಿದ್ದರು.

ಪ್ಲೇ ಒಂದು ಕೃತಿ. ಡ್ರಾಮಾ ಆ ಸಾಹಿತ್ಯ ಪ್ರಕಾರ. ಥಿಯೇಟರ್‌ನ ಗ್ರೀಕ್ ಮೂಲಕ್ಕೆ ‘ನೋಡುವ ಜಾಗ’ ಎಂದರ್ಥ, ಹಾಗಾಗಿ ಪ್ರೇಕ್ಷಕರಿಲ್ಲದೆ ಅದಿಲ್ಲ. ಇದಕ್ಕೆ ಅವರು ಕೊಡುತ್ತಿದ್ದ ಉದಾಹರಣೆ ಮುದ್ದಣನದು. ಉಡುಪಿಯಲ್ಲೇ ವ್ಯಾಯಾಮ ಶಿಕ್ಷಕನಾಗಿದ್ದ ಆ ಕವಿಯ ‘ಕುಮಾರವಿಜಯ’ ಯಕ್ಷಗಾನ ಪ್ರಸಂಗ ಪುಸ್ತಕದಲ್ಲಿ ಪದ್ಯಗಳಾಗಿ ನಿಂತಿದೆ. ಭಾಗವತರು ಹಾಡಿ, ಚೆಂಡೆ ಮದ್ದಳೆ ಕೂಡಿ, ವೇಷಧಾರಿ ರಂಗಸ್ಥಳದಲ್ಲಿ ಆಶುವಾಗಿ ಅರ್ಥ, ಅಂದರೆ ಮಾತುಗಾರಿಕೆ, ಹೇಳಿ, ಜನ ನಿದ್ದೆಗೆಟ್ಟು ಕೂತರೆ ಮಾತ್ರ ಅದು ಥಿಯೇಟರ್.

ನನಗೆ ಹೆಚ್ಚು ಹಿಡಿಸಿದ್ದು ರಿಹರ್ಸಲ್. ನಾಟಕದ ತಾಲೀಮಿಗೆ ನಾವೆಲ್ಲ ಪ್ರಾಕ್ಟೀಸ್ ಎನ್ನುತ್ತಿದ್ದೆವು. ಪ್ರಾಕ್ಟೀಸ್ ಕಲೆಯನ್ನು ಮೈಗೂಡಿಸಿಕೊಳ್ಳಲು, ರಿಹರ್ಸಲ್ ಒಂದು ನಿರ್ದಿಷ್ಟ ಪ್ರಯೋಗವನ್ನು ಸಿದ್ಧಪಡಿಸಲು ಎಂದು ಅವರು ಬಿಡಿಸಿ ಹೇಳಿದರು. ರಿಹರ್ಸಲ್ ಪದ ಹಳೆಯ ಫ್ರೆಂಚ್‌ನಿಂದ ಬಂದದ್ದು. ಉತ್ತ ನೆಲದ ಮೇಲೆ ಮತ್ತೊಮ್ಮೆ ಕುಂಟೆ ಎಳೆಯುವುದು ಅದರ ಮೂಲಾರ್ಥ. ಅದನ್ನು ಅವರು ನಡೆಸುತ್ತಿದ್ದುದೂ ಹಾಗೆಯೇ. ಸಂಜೆ ಸಭಾಂಗಣದ ವೇದಿಕೆಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬಾಗಿಲು, ಕಿಟಕಿ ಗುರುತು ಹಾಕಿ, ಒಂದೇ ಪ್ರವೇಶವನ್ನು ಹೆಂಟೆ ಒಡೆಯುವವರೆಗೆ ಮಾಡಿಸುತ್ತಿದ್ದರು. ಮಾತು ಮುಗಿಯುವ ಮೊದಲೇ ಕಾಲು ತಿರುಗಿಸಿದರೆ ಗುರುತಿಗೆ ವಾಪಸು.

“ಹಾಗಾದರೆ ಯಕ್ಷಗಾನ ಮೇಳದವರು ರಿಹರ್ಸಲ್ ಎಲ್ಲಿ ಮಾಡುತ್ತಾರೆ ಸರ್?” ಎಂದು ಗೆಳೆಯನೊಬ್ಬ ಕೇಳಿದ. ಉತ್ತರ ಹೇಳದೆ ಅವರು ನಮ್ಮನ್ನು ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳುವ ಚೌಕಿಗೆ ಕರೆದುಕೊಂಡು ಹೋದರು. ಕನ್ನಡಿಯ ಮುಂದೆ ಅರ್ಧ ಮುಖಕ್ಕೆ ಬಣ್ಣ ಹಚ್ಚಿದ್ದ ಹಿರಿಯ ವೇಷಧಾರಿ ತಲೆಯೆತ್ತದೆ, “ಭಾಗವತರೇ, ಯುದ್ಧದ ಆ ಎರಡು ಪದ್ಯ ಬಿಡುವ” ಎಂದರು. ಭಾಗವತರು “ಆಯಿತು” ಎಂದರು. ಅಷ್ಟೇ ಮಾತುಕತೆ.

ನವೆಂಬರ್‌ನಿಂದ ಮೇ ತನಕ ತಿರುಗಾಟದಲ್ಲಿ ರಾತ್ರಿ ರಾತ್ರಿ ಕುಣಿಯುವವರಿಗೆ ಪ್ರಾಕ್ಟೀಸ್ ರಕ್ತದಲ್ಲಿದೆ. ರಿಹರ್ಸಲ್ ಎರಡು ಮಾತಿನಲ್ಲಿ ಮುಗಿಯುತ್ತದೆ. ನಮ್ಮಂಥ ಹವ್ಯಾಸಿಗಳದು ತಿರುವುಮುರುವು: ಪ್ರಾಕ್ಟೀಸ್ ಇಲ್ಲ, ರಿಹರ್ಸಲ್‌ನ ಬಲದಲ್ಲೇ ರಂಗಕ್ಕೆ ಬರುತ್ತೇವೆ. ಆ ರಾತ್ರಿ ಚೌಕಿ ಕಂಡ ಮೇಲೆ ನಮ್ಮ ತಂಡದ ಇಬ್ಬರು, ನಾಟಕ ಮುಗಿದ ನಂತರವೂ ಬಿಡದೆ, ತಾಳ ಮತ್ತು ಹೆಜ್ಜೆ ಕಲಿಯಲು ಸೇರಿಕೊಂಡರು.